ಮಾತು ಬಿಟ್ಟವರು ಜೋಡಿಸಿದ ದೂರದರ್ಶಕ

ಧೂಮಕೇತು ಬರುತ್ತದೆಂದು ಊರೆಲ್ಲ ಮಾತಾಡುತ್ತಿದ್ದ ಆ ಧನುರ್ಮಾಸದಲ್ಲಿ ನನಗೆ ಆಕಾಶದ ಮೇಲೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಗೌರಿ ಹಬ್ಬಕ್ಕೆಂದು ಮಧುಗಿರಿಯ ತವರಿಗೆ ಬಂದವಳು ಅಲ್ಲೇ ಕೊಳೆಯುತ್ತಿದ್ದೆ. ನಲ್ಲಿ ನೀರಿಗೆ ಹೋದರೆ ಬೀದಿಯ ಹೆಂಗಸರು, ‘ಇನ್ನೂ ಇಲ್ಲೇ ಇದ್ದೀಯಾ? ಸಿರಾಕ್ಕೆ, ಗಂಡನ ಮನೆಗೆ ಯಾವಾಗ ಕಣಮ್ಮ?’ ಎಂದು ಕೇಳುವರು. ಆ ಕೇಳುವ ಧಾಟಿಗೆ ಕೊಡವನ್ನು ಅವರ ತಲೆಯ ಮೇಲೇ ಕುಕ್ಕಿಬಿಡಬೇಕು ಅನ್ನಿಸುತ್ತಿತ್ತು.

ನನ್ನನ್ನು ಅಲ್ಲಿ ಕೂರಿಸಿದ್ದವರು ಇಬ್ಬರು ಗಂಡಸರು. ಒಬ್ಬ ನನ್ನ ಅಣ್ಣ, ಹೈಸ್ಕೂಲಿನ ವಿಜ್ಞಾನದ ಮೇಷ್ಟರು. ಇನ್ನೊಬ್ಬರು ನನ್ನ ಗಂಡ, ಶಿರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಹಬ್ಬಕ್ಕೆ ಅಣ್ಣನೇ ಬಂದು ಕರೆತಂದಿದ್ದ. ಹಬ್ಬ ಮುಗಿದ ಸ್ವಲ್ಪ ದಿನಕ್ಕೆ ಶಿರಾದ ನಮ್ಮ ಮನೆಯಲ್ಲಿ ನಾದಿನಿಯ ಮಗುವಿನ ನಾಮಕರಣ. ನಮ್ಮವರು ಬಂದು ಬಾಯಿ ತುಂಬ ಕರೆಯುವುದು ಬಿಟ್ಟು ಅಂಚೆಯಲ್ಲಿ ಒಂದು ಕಾರ್ಡು ಹಾಕಿದರು. ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಪೋಸ್ಟ್‌ಮ್ಯಾನ್ ಕರೆದ ಮನೆಗೆ ನಾನು ಕಾಲಿಡಲ್ಲ ಎಂದು ತಾನೂ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಹೆಂಡತಿಯನ್ನು ಕಳಿಸದವರ ಮನೆಬಾಗಿಲಿಗೆ ನಾನೇಕೆ ಹೋಗಲಿ ಎಂದು ಅಲ್ಲಿ ಇವರು. ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು.

ಕರೆದುಕೊಂಡು ಹೋದವರೇ ತಂದು ಬಿಡಲಿ ಎಂಬುದು ನಮ್ಮವರ ಹಟ. ಬೇಕಾದವರು ಬಂದು ಕರೆದುಕೊಂಡು ಹೋಗಲಿ ಎಂಬುದು ಅಣ್ಣನ ಹಟ. ನಮ್ಮ ಕಡೆ ಹೆಣ್ಣುಮಗಳು ತಾನೇ ಚೀಲ ಹಿಡಿದು ಹೊರಟರೆ ತವರಿನವರು ಓಡಿಸಿಬಿಟ್ಟರಂತೆ ಅನ್ನುತ್ತಾರೆ, ಗತಿಯಿಲ್ಲದೆ ಬಂದಳಂತೆ ಅಂತಲೂ ಅನ್ನುತ್ತಾರೆ. ಸ್ಟುಡಿಯೋ ಹಿಂದಿನ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವುದು ನನ್ನ ಕೆಲಸವಾಗಿತ್ತು. ಆ ಕೆಲಸ ಬೇಕಿತ್ತು, ನನ್ನ ಮನೆ ಬೇಕಿತ್ತು, ನನ್ನ ಒಲೆ ಬೇಕಿತ್ತು. ನಿನಗೇನು ಬೇಕು ಎಂದು ಇಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ.

ಇದೇ ಇಬ್ಬರು ನನ್ನ ಮದುವೆಗೆ ಮುಂಚೆ ಜೀವದ ಗೆಳೆಯರು. ನಮ್ಮ ಹಿತ್ತಿಲಲ್ಲಿ ಖಾಲಿ ಡ್ರಮ್ಮಿನ ಮೇಲೆ ದಪ್ಪ ಗಾಜಿಟ್ಟು, ಪುಡಿ ಹಾಕಿ, ಸುತ್ತ ಸುತ್ತುತ್ತ ಉಜ್ಜಿ ಉಜ್ಜಿ ದೂರದರ್ಶಕದ ಕನ್ನಡಿ ಮಾಡಿದ್ದರು. ಆ ಸುತ್ತಾಟದಲ್ಲೇ ನಮ್ಮವರು ನನ್ನನ್ನು ನೋಡಿದ್ದು. ಜಗಳವಾದಾಗ ತಗಡಿನ ಕೊಳವೆ ಬಣ್ಣ ಬಳಿಯಲೆಂದು ಶಿರಾದಲ್ಲಿತ್ತು, ಕನ್ನಡಿಗಳು ಅಣ್ಣನ ಬೀರುವಿನಲ್ಲಿದ್ದವು. ಇವರು ಅದನ್ನು ಕೊಡಲಿಲ್ಲ, ಅವನು ಇದನ್ನು ಕೊಡಲಿಲ್ಲ. ಹೆಡ್ಮಾಸ್ಟರು ಮಕ್ಕಳಿಗೆ ಧೂಮಕೇತು ತೋರಿಸಲೇಬೇಕೆಂದು ತಾವೇ ಶಿರಾಕ್ಕೆ ಹೇಳಿಕಳಿಸಿದರು. ತಾನಿಲ್ಲದೆ ಕೆಲಸವಾಗಿ ಹೆಸರೆಲ್ಲ ಇನ್ನೊಬ್ಬನಿಗೆ ಹೋದರೆ ಎಂಬ ಹೊಟ್ಟೆಯುರಿ ಇಬ್ಬರಿಗೂ ಇತ್ತು. ಒಂದು ಭಾನುವಾರ ನಮ್ಮವರು ಕೊಳವೆಯನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಬಂದಿಳಿದರು. ಮನೆಗೆ ಬರಲಿಲ್ಲ. ನೆಟ್ಟಗೆ ಸ್ಕೂಲಿಗೆ ಹೋದರು.

ಮಧ್ಯಾಹ್ನ ಅಣ್ಣ ಬಂದು, ‘ಬಾರೆ, ನೀನಿಲ್ದೆ ಕೆಲ್ಸ ಆಗಲ್ಲ’ ಎಂದ. ಯಾಕೆಂದು ಅಲ್ಲಿ ಹೋದ ಮೇಲೆ ತಿಳಿಯಿತು.

ಸ್ಕೂಲಿನ ಜಗಲಿಯಲ್ಲಿ ಕೊಳವೆಯನ್ನು ಎರಡು ಬೆಂಚಿನ ಮೇಲೆ ಮಲಗಿಸಿದ್ದರು. ಬುಡದಲ್ಲಿ ದೊಡ್ಡ ಕನ್ನಡಿ, ಅದರ ಬೆನ್ನಿಗೆ ಮೂರು ತಿರುಪು. ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕ ಕನ್ನಡಿ, ಪಕ್ಕದಲ್ಲಿ ಕಣ್ಣಿಡುವ ತೂತು. ಕಣ್ಣು ನಟ್ಟನಡುವೆ ನಿಲ್ಲಲೆಂದು ನಮ್ಮವರು ಫಿಲ್ಮಿನ ಖಾಲಿ ಡಬ್ಬಿಗೆ ರಂಧ್ರ ಕೊರೆದು ತೂತಿಗೆ ಸಿಕ್ಕಿಸಿದ್ದರು. ದೊಡ್ಡ ಕನ್ನಡಿಯ ನಡುವಿನ ಮಸಿಯ ಚುಕ್ಕೆ ಚಿಕ್ಕದರ ನೆರಳಿನ ನಡುವೆ ಬಂದು ಕೂತರೆ ಎರಡೂ ಸರಿಯಾದಂತೆ. ಆದರೆ ಕಣ್ಣಿಟ್ಟವನ ಕೈ ತಿರುಪಿಗೆ ಎಟುಕುವುದಿಲ್ಲ. ಒಬ್ಬ ನೋಡಿ ಹೇಳಬೇಕು, ಇನ್ನೊಬ್ಬ ತಿರುಗಿಸಬೇಕು.

‘ನಿನ್ನ ಗಂಡಂಗೆ ಹೇಳು, ಎಡಗಡೆ ತಿರುಪು ಒಂಚೂರು ಬಿಗಿ ಮಾಡ್ಲಿ,’ ಎಂದ ಅಣ್ಣ, ಡಬ್ಬಿಗೆ ಕಣ್ಣಿಟ್ಟು.

‘ಎಡಗಡೇದು ಬಿಗಿ ಮಾಡ್ಬೇಕಂತೆ,’ ಎಂದೆ.

‘ಯಾರ ಎಡಗಡೆ ಅಂತ ಕೇಳು ನಿಮ್ಮಣ್ಣನ್ನ,’ ಎಂದರು ನಮ್ಮವರು, ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು.

‘ಯಾರ ಎಡಗಡೆ ಅಂತೆ.’

‘ಅಷ್ಟೂ ತಿಳಿಯಲ್ವಂತಾ ಕೇಳು.’

ಕೊಳವೆ ಇದ್ದದ್ದೇ ನಾಲ್ಕಡಿ. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು. ಆದರೂ ಪ್ರತಿ ಮಾತೂ ನನ್ನ ಬಾಯಿಂದಲೇ ದಾಟಬೇಕು. ಕನ್ನಡಿಯೊಳಗೆ ಎಡ ಬಲ ಅದಲುಬದಲಾಗಿ, ಬಿಗಿ ಮಾಡು ಎಂದರೆ ಚುಕ್ಕೆ ಇನ್ನೂ ದೂರ ಓಡುವುದು. ಬೇಕಂತಲೇ ಉಲ್ಟಾ ತಿರುಗಿಸುತ್ತಿದ್ದಾನೆ ಎಂದು ಅಣ್ಣ ಹಲ್ಲು ಕಡಿದ. ನೋಡಲು ಬಾರದವನಿಗೆ ಮೇಷ್ಟರ ಕೆಲಸ ಯಾರು ಕೊಟ್ಟರೋ ಎಂದು ಇವರು ತಿರುಪಿಗೆ ಹೇಳಿದರು. ಇಬ್ಬರ ಬೈಗುಳವನ್ನೂ ಸಾಗಿಸಿ ನನ್ನ ನಾಲಿಗೆ ಒಣಗಿತು.

‘ಏಳು ಅತ್ಲಾಗೆ,’ ಎಂದು ಅಣ್ಣನನ್ನು ತಳ್ಳಿದೆ. ಕ್ಲಾಸಿನಿಂದ ಸೀಮೆಸುಣ್ಣ ತಂದು ಮೂರು ತಿರುಪಿನ ಪಕ್ಕ ಒಂದು, ಎರಡು, ಮೂರು ಎಂದು ಬರೆದೆ. ‘ಎಡ ಬಲ ನಿಮ್ಮಿಬ್ಬರ ಹತ್ರಾನೇ ಇಟ್ಕಳಿ. ನಾನು ನಂಬರ್ ಹೇಳ್ತೀನಿ, ತಿರುಗ್ಸಿ.’

ನಮ್ಮವರು ನನ್ನ ಮುಖ ನೋಡಿ ತಿರುಪಿಗೆ ಕೈ ಹಾಕಿದರು. ಎರಡು ಬಿಗಿ ಮಾಡಿ ಎಂದೆ. ಚುಕ್ಕೆ ಅತ್ತ ಹೋಯಿತು. ಸಡಿಲ ಬಿಡಿ ಎಂದೆ, ಇತ್ತ ಬಂತು. ಒಂದನ್ನು ಸ್ವಲ್ಪ, ಮೂರನ್ನು ಇನ್ನೂ ಸ್ವಲ್ಪ. ಕೊನೆಗೆ ಕಪ್ಪು ನೆರಳಿನ ನಟ್ಟನಡುವೆ ಚುಕ್ಕೆ ಬಂದು ನಿಂತಿತು. ಅಲ್ಲೇ ನನ್ನ ಕಣ್ಣೂ ಕಂಡಿತು, ಕೆಂಪಗೆ. ಸಾಕು ಎಂದೆ.

ಡಬ್ಬಿ ತೆಗೆದು ಮಸೂರ ಹಾಕಿ ಕೊಳವೆಯನ್ನು ಬೆಟ್ಟದ ಕಡೆ ತಿರುಗಿಸಿದರು. ಮೇಲಿನ ಕೋಟೆಗೋಡೆಯ ಒಂದೊಂದು ಕಲ್ಲೂ ತಲೆಕೆಳಗಾಗಿ ಎಣಿಸುವಂತೆ ಕಂಡಿತು. ಅಣ್ಣ ನೋಡಿ ಹಲ್ಲು ಕಿರಿದ. ಅವನು ಸರಿದ ಮೇಲೆ ನಮ್ಮವರು ನೋಡಿ ಅಷ್ಟೇ ಅಗಲ ಹಲ್ಲು ಕಿರಿದರು. ನನಗೂ ಒಂದು ಗಳಿಗೆ ಆಸೆ ಹುಟ್ಟಿತು. ಈಗಲಾದರೂ ಒಬ್ಬ ಬಾಯಿ ಬಿಡುತ್ತಾನೆ, ನಾನು ಮನೆ ಸೇರುತ್ತೇನೆ ಅಂದುಕೊಂಡೆ.

ನಮ್ಮವರು ಕೈ ಒರೆಸಿಕೊಂಡು ಎದ್ದರು. ‘ನಿಮ್ಮಣ್ಣಂಗೆ ಹೇಳು, ಐದ್ಗಂಟೆ ಬಸ್ಸಿಗೆ ನಾನು ಹೊರಟೆ. ತಂದು ಬುಡೋದಾದ್ರೆ ನಾಳೆ ತಂದು ಬುಡ್ಲಿ.’

ಅಣ್ಣ ಬೆಟ್ಟ ನೋಡುತ್ತಲೇ, ‘ಕರ್ಕೊಂಡು ಹೋಗೋರು ಮನೆ ಬಾಗಿಲಿಗೆ ಬಂದು ಕೇಳ್ಲಿ ಅಂತ ಹೇಳು,’ ಎಂದ.

ಇಬ್ಬರೂ ನನ್ನ ಬಾಯಿ ನೋಡುತ್ತ ಕಾದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಇಷ್ಟು ದೂರ ಒಂದು ತಗಡಿನ ಕೊಳವೆಗೋಸ್ಕರ ಬಂದ ಗಂಡ, ತನ್ನ ಮರ್ಯಾದೆಗೋಸ್ಕರ ನನ್ನನ್ನು ಹಿಡಿದಿಟ್ಟ ಅಣ್ಣ. ಇಬ್ಬರ ಮೇಲೂ ಅಸಹ್ಯ ಬಂತು. ಆ ಅಸಹ್ಯ ಇವತ್ತಿಗೂ ಪೂರ್ತಿ ಹೋಗಿಲ್ಲ, ಹೋಗಬೇಕೆಂದೂ ನನಗಿಲ್ಲ.

ಮನೆಗೆ ಬಂದು ನಾಲ್ಕು ಸೀರೆ ಚೀಲಕ್ಕೆ ತುರುಕಿದೆ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, ‘ಒಬ್ಳೇ ಹೋದ್ರೆ ಜನ ಏನಂತಾರೆ?’ ಎಂದಳು. ‘ಇಲ್ಲಿದ್ರೆ ಏನಂತಾರೋ ಅದನ್ನೇ ಅಂತಾರೆ,’ ಎಂದು ಅವಳನ್ನು ಸರಿಸಿ ಹೊರಟೆ.

ಶಿರಾ ಬಸ್ಸು ನಿಂತಿತ್ತು. ಹಿಂದಿನ ಸೀಟಿನಲ್ಲಿ ನಮ್ಮವರು ಕೂತಿದ್ದರು. ನನ್ನನ್ನು ಕಂಡು ಅರ್ಧ ಎದ್ದು ಮತ್ತೆ ಕೂತರು. ನಾನು ಮುಂದೆ ಹೆಂಗಸರ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು ಕೂತೆ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಹಿಂದಿನಿಂದ ಟಿಕೆಟ್ ಕೊಡುತ್ತ ಬಂದು ನನ್ನ ಪಕ್ಕ ನಿಂತ.

‘ನಿಮ್ದು ಆಯ್ತಂತಲ್ಲಮ್ಮ, ಹಿಂದಿರೋ ನಿಮ್ಮ ಯಜಮಾನ್ರು ಎರಡು ತಗೊಂಡ್ರು.’

‘ಅವರು ಯಾರೋ ನಂಗೊತ್ತಿಲ್ಲ,’ ಎಂದೆ. ‘ನಂದೊಂದು ಸಿರಾ ಕೊಡಿ.’