ಕೈಕಂಬದ ಬಸ್ ಸ್ಟ್ಯಾಂಡ್ ಬಗ್ಗೆ ಊರವರ ಅಭಿಪ್ರಾಯ

ಎರಡು ವರ್ಷದ ಹಿಂದಿನ ಮಾತು. ನಾನು ಆಗ ನಮ್ಮ ಗ್ರಾಮ ಪಂಚಾಯತಿನಲ್ಲಿ ಸದಸ್ಯೆಯಾಗಿದ್ದೆ. ಮಹಿಳಾ ಮೀಸಲಾತಿಯ ಸೀಟು. ಊರವರು ನಿಲ್ಲು ಎಂದರು, ನಿಂತೆ, ಗೆದ್ದೆ. ಅಲ್ಲಿಯವರೆಗೆ ಮನೆಯಲ್ಲೇ ಹೊಲಿಗೆ ಮಾಡಿಕೊಂಡಿದ್ದವಳು ನಾನು. ಅಳತೆ ತೆಗೆಯುವಾಗ ಹೆಂಗಸರು ಎಷ್ಟು ಬಾರಿ ಮಾತು ಬದಲಾಯಿಸುತ್ತಾರೆಂದು ಗೊತ್ತಿತ್ತು. ಆದರೆ ಇಡೀ ಊರು ಒಟ್ಟಾಗಿ ಮಾತು ಬದಲಾಯಿಸಬಹುದೆಂದು ಗೊತ್ತಿರಲಿಲ್ಲ.

ಸುಳ್ಯದಿಂದ ಗುತ್ತಿಗಾರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಗುಡ್ಡದ ಮೇಲಿನಿಂದ ಇಳಿಜಾರಾಗಿ ಬರುವ ಒಂದು ರಸ್ತೆ ಮುಖ್ಯ ರಸ್ತೆಗೆ ಸೇರುವ ಜಾಗವನ್ನು ನಾವು ಕೈಕಂಬ ಎನ್ನುತ್ತೇವೆ. ಸರಿಯಾಗಿ ಆ ಮೂಲೆಯಲ್ಲಿ ಒಂದು ಬಸ್ ತಂಗುದಾಣ ಇತ್ತು. ಮೂರು ಕಡೆ ಗೋಡೆ, ಮೇಲೆ ಕಾಂಕ್ರೀಟ್. ಇಳಿದು ಬರುವ ವಾಹನದವರಿಗೆ ಅದರ ಆಚೆ ನಿಂತವರು ಕಾಣುವುದಿಲ್ಲ, ನಿಂತವರಿಗೆ ವಾಹನ ಕಾಣುವುದಿಲ್ಲ. ಡಿಪೋಗೆ ಹಾಲು ಕೊಡಲು ಹೋಗುತ್ತಿದ್ದ ಲಲಿತಕ್ಕನಿಗೆ ಸ್ಕೂಟರ್ ಬಡಿದು ಕಾಲು ಮುರಿದದ್ದು ಅಲ್ಲಿಯೇ. ಶಾಲೆಯ ಮಕ್ಕಳು ದಿನಾ ದಾಟುವುದೂ ಅಲ್ಲಿಯೇ.

ಆ ತಂಗುದಾಣ ಕಟ್ಟಿಸಿದ್ದು ಜಗನ್ನಾಥ ಮಾವ. ನನ್ನ ಗಂಡನ ಸೋದರಮಾವ. ತೀರಿಹೋದ ತಮ್ಮ ತಂದೆಯ ನೆನಪಿಗೆ ಕಟ್ಟಿಸಿ, ಅವರ ಹೆಸರನ್ನು ಕಪ್ಪು ಕಲ್ಲಿನಲ್ಲಿ ಕೆತ್ತಿಸಿ ಹಾಕಿದ್ದರು. ನಮ್ಮ ಕುಟುಂಬದಲ್ಲಿ ಮಾವ ಆಡಿದ ಮೇಲೆ ಇನ್ನೊಂದು ಮಾತಿಲ್ಲ. ಊರಿನಲ್ಲಿಯೂ ಸುಮಾರು ಹಾಗೆಯೇ.

ಒಂದು ದಿನ ಪಿಡಿಒ ನನ್ನನ್ನು ಕರೆದು, "ಮೇಡಂ, ನಿಮ್ಮ ಕೈಕಂಬ ಜಂಕ್ಷನ್ ಸರಿ ಮಾಡ್ಲಿಕ್ಕೆ ಯೋಜನೆ ಬಂದಿದೆ. ಮೊದಲು ಊರವರ ಅಭಿಪ್ರಾಯ ಕೇಳ್ಬೇಕಂತೆ. ಒಂದು ಸಭೆ ಮಾಡಿ ಮುಗಿಸಿಬಿಡಿ" ಎಂದರು. ನನಗೆ ಖುಷಿಯಾಯಿತು. ಮನೆಮನೆಗೆ ಹೋಗಿ ಹೇಳಿ ಬಂದೆ. ಹೋದಲ್ಲೆಲ್ಲ ಒಂದೇ ಮಾತು: "ಆ ಬಸ್ ಸ್ಟ್ಯಾಂಡ್ ಒಂದು ಆಚೆ ಹೋಗ್ಬೇಕು ಮಾರಾಯ್ತಿ. ಇಲ್ಲದಿದ್ರೆ ಒಂದು ದಿನ ಜೀವ ಹೋಗ್ತದೆ." ಆಟೋ ಓಡಿಸುವ ಹಮೀದಣ್ಣನಂತೂ ಆಟೋ ನಿಲ್ಲಿಸಿ ಇಳಿದು ಬಂದು, "ಅಕ್ಕ, ನೀವು ಸಭೆ ಕರೀರಿ. ನಾನೇ ಎದ್ದು ನಿಂತು ಹೇಳ್ತೇನೆ" ಎಂದರು.

ಮೊದಲ ಸಭೆಗೆ ಜನ ಬಂದರು, ಇಂಜಿನಿಯರ್ ಬರಲಿಲ್ಲ. ಪಿಡಿಒ ಫೋನ್ ಮಾಡಿದಾಗಲೆಲ್ಲ "ದಾರಿಯಲ್ಲಿದ್ದೇನೆ" ಎಂಬ ಉತ್ತರ. ಯಾವ ದಾರಿ ಎಂದು ಕೊನೆಯವರೆಗೂ ತಿಳಿಯಲಿಲ್ಲ. ನಾನು ತರಿಸಿದ್ದ ಗೋಳಿಬಜೆ ಮುಗಿಯಿತು, ಚಾ ಮುಗಿಯಿತು, ಜನವೂ ಮುಗಿದರು. ಹೋಗುವಾಗ ಒಬ್ಬರು, "ಮುಂದಿನ ಸಲ ಚಟ್ನಿ ಸ್ವಲ್ಪ ಜಾಸ್ತಿ ಮಾಡ್ಸಿ" ಎಂದು ಅಭಿಪ್ರಾಯ ಕೊಟ್ಟರು. ಆ ದಿನ ಸಿಕ್ಕಿದ್ದು ಅದೊಂದೇ ಅಭಿಪ್ರಾಯ.

ಎರಡನೆಯ ಸಭೆಗೆ ಇಂಜಿನಿಯರ್ ಬಂದರು. ದಾವಣಗೆರೆ ಕಡೆಯವರು, ಪಾಪ, ಒಳ್ಳೆಯ ಹುಡುಗ. ದೊಡ್ಡದೊಂದು ನಕ್ಷೆ ತಂದು ಗೋಡೆಗೆ ಅಂಟಿಸಿದರು. ಜನ ಎದ್ದು ಹೋಗಿ ಅದರಲ್ಲಿ ತಮ್ಮ ತಮ್ಮ ಮನೆ ಹುಡುಕತೊಡಗಿದರು. ಮನೆ ಸಿಕ್ಕಿದವರು ಬೆರಳಿಟ್ಟು ನಿಂತರು, ಸಿಗದವರು ನಕ್ಷೆಯೇ ತಪ್ಪು ಎಂದರು. ಕೂತು ಮಾತಾಡುವ ಎಂದು ಎಲ್ಲರನ್ನೂ ಕೂರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು.

"ಈಗ ಜಂಕ್ಷನ್ ಬಗ್ಗೆ ಹೇಳಿ" ಎಂದರು ಇಂಜಿನಿಯರ್.

ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು. "ಸರ್, ನಮ್ಮ ಮೇಲಿನ ಬೈಲಿಗೆ ಆನೆ ಬರ್ತದೆ. ಅದಕ್ಕೆ ಎಂತ ಮಾಡಿದ್ದೀರಿ?"

"ಅದು ಅರಣ್ಯ ಇಲಾಖೆದು. ನಾವು ರಸ್ತೆಯವರು."

"ಆನೆ ರಸ್ತೆಯಲ್ಲೇ ಬರುದು ಸರ್."

ಇನ್ನೊಬ್ಬರು ಮೊಬೈಲ್ ಟವರ್ ಕೇಳಿದರು. ಮತ್ತೊಬ್ಬರು ಆಲೆಟ್ಟಿಯ ತಂಗಿ ಮನೆಗೆ ಹೋಗಲು ಮಧ್ಯಾಹ್ನ ಬಸ್ಸಿಲ್ಲ ಎಂದರು. ಜಂಕ್ಷನ್ ಆದರೆ ಮಧ್ಯದಲ್ಲಿ ಒಂದು ವೃತ್ತ ಬೇಕು ಎಂದು ಯಾರೋ ಹೇಳಿದರು. ವೃತ್ತಕ್ಕೆ ಯಾರ ಹೆಸರಿಡುವುದು ಎಂದು ಕೂಡಲೇ ಎರಡು ಪಕ್ಷವಾಯಿತು. "ವೃತ್ತವೇ ಇಲ್ಲ, ಅಷ್ಟು ಜಾಗ ಇಲ್ಲ" ಎಂದು ಇಂಜಿನಿಯರ್ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಇಲ್ಲದ ವೃತ್ತದ ಹೆಸರಿಗಾಗಿ ಇಬ್ಬರು ಶರ್ಟಿನ ಕೈ ಮೇಲೇರಿಸುವವರೆಗೆ ಹೋಯಿತು.

ನಾನೇ ಮೇಜು ತಟ್ಟಿ, "ಬಸ್ ಸ್ಟ್ಯಾಂಡ್ ವಿಷಯಕ್ಕೆ ಬನ್ನಿ" ಎಂದೆ.

ಇಂಜಿನಿಯರ್ ನಕ್ಷೆ ತೋರಿಸಿ, "ಮುಖ್ಯ ಕೆಲಸ ಇದೇ. ಈ ತಂಗುದಾಣ ಸುಳ್ಯದ ಕಡೆಗೆ ಸ್ವಲ್ಪ ಸರೀಬೇಕು. ಮೂಲೆ ಖಾಲಿ ಆದ್ರೆ ಎರಡೂ ಕಡೆ ಕಾಣುತ್ತೆ" ಎಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಜಗನ್ನಾಥ ಮಾವ ಮೆಲ್ಲನೆ ಎದ್ದು ನಿಂತರು. ಧ್ವನಿ ಏರಿಸಲಿಲ್ಲ. "ಅದು ನನ್ನ ಅಪ್ಪನ ಹೆಸರಲ್ಲಿ ಉಂಟು. ಅಪ್ಪನನ್ನು ಆಚೆ ಈಚೆ ಸರಿಸ್ಲಿಕ್ಕೆ ನಾನು ಬಿಡುದಿಲ್ಲ. ನನಗೆ ಹೇಳ್ಲಿಕ್ಕೆ ಇರುದು ಅಷ್ಟೆ."

ಆನೆ, ಟವರ್, ವೃತ್ತ ಎಂದು ಬೊಬ್ಬೆ ಹೊಡೆದವರೆಲ್ಲ ಬಾಯಿಗೆ ಬೀಗ ಹಾಕಿ ಕೂತರು. ನಾನು ಒಬ್ಬೊಬ್ಬರ ಮುಖ ನೋಡಿದೆ. ಲಲಿತಕ್ಕನ ಗಂಡ ಚಪ್ಪಲಿ ನೋಡುತ್ತಿದ್ದರು. ಹಮೀದಣ್ಣ ಮೇಲಿನ ಫ್ಯಾನು ನೋಡುತ್ತಿದ್ದರು. ಫ್ಯಾನು ತಿರುಗುತ್ತಲೂ ಇರಲಿಲ್ಲ.

"ಹಮೀದಣ್ಣ, ನೀವು ಎಂತದೋ ಹೇಳ್ತೇನೆ ಅಂದಿದ್ರಲ್ಲ?" ಎಂದೆ.

"ನಾನು ಎಂತ ಹೇಳುದು ಅಕ್ಕ? ದೊಡ್ಡವರು ಹೇಳಿದ ಹಾಗೆ."

ನನಗೆ ತಲೆ ಕೆಟ್ಟುಹೋಯಿತು. ಇಂಜಿನಿಯರ್ ಕಾಗದ ಮಡಚುತ್ತಾ, "ಊರವರ ವಿರೋಧ ಇದೆ ಅಂತ ಬರೀತೀನಿ ಮೇಡಂ. ಹಾಗಾದ್ರೆ ಯೋಜನೆ ಬೇರೆ ಕಡೆ ಹೋಗುತ್ತೆ" ಎಂದರು. ನಾನು, "ಬರೆಯುವ ಮೊದಲು ಎಲ್ಲರೂ ಒಮ್ಮೆ ಆ ಜಾಗಕ್ಕೆ ಬನ್ನಿ. ಮಾವ, ನೀವೂ ಬನ್ನಿ. ಅಲ್ಲಿ ನಿಂತು ನೋಡಿ ಆಮೇಲೆ ಹೇಳಿ" ಎಂದೆ. ಮಾವನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ನನ್ನ ಗಂಡ ಕಾಲಿನಿಂದ ನನ್ನ ಕಾಲು ಒತ್ತಿದರು. ನಾನು ಕಾಲು ತೆಗೆದೆ.

ಕೈಕಂಬಕ್ಕೆ ಪಂಚಾಯತಿನಿಂದ ನಡೆದೇ ಹೋಗಬಹುದು. ಎಲ್ಲರೂ ಬಂದರು, ಆದರೆ ತಂಗುದಾಣದ ಹತ್ತಿರ ಬರಲಿಲ್ಲ. ರಸ್ತೆಯ ಆಚೆ ಅಂಗಡಿಯ ನೆರಳಿನಲ್ಲಿ ಗುಂಪಾಗಿ ನಿಂತರು. ಮಾವನ ಹತ್ತಿರ ನಿಂತರೆ ಯಾವ ಪಕ್ಷ ಎಂದು ಲೆಕ್ಕವಾಗುತ್ತದೋ ಎಂಬ ಹೆದರಿಕೆ ಇರಬೇಕು. ಈಚೆ ಉಳಿದದ್ದು ನಾನು, ಮಾವ, ಇಂಜಿನಿಯರ್ ಮೂವರೇ.

ಇಂಜಿನಿಯರ್ ಅಳತೆಯ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಹಿಂದೆ ಹೋಗಿ ಮೇಡಂ" ಎಂದರು. ಟೇಪು ನನಗೆ ಹೊಸದಲ್ಲ. ಹಿಂದೆ ಹೋದೆ. ಮಾವ ಗೋಡೆಗೆ ಒರಗಿ ನಿಂತು, "ಎಷ್ಟು ಅಳೆದ್ರೂ ಅಷ್ಟೆ ಶಶಿ" ಎನ್ನುತ್ತಿದ್ದರು. "ಒಮ್ಮೆ ಇಲ್ಲಿಂದ ನೋಡಿ ಮಾವ" ಎಂದು ಹೇಳುತ್ತಲೇ ಇನ್ನೂ ಒಂದು ಹೆಜ್ಜೆ ಹಿಂದಿಟ್ಟೆ. ಗೋಡೆಯ ಮರೆಯಿಂದ ರಸ್ತೆಗೆ ಬಂದಿದ್ದೆ ಎಂದು ನನಗೆ ತಿಳಿಯಲಿಲ್ಲ.

ಬ್ರೇಕಿನ ಕಿರುಚು ಕೇಳಿದ್ದು ಮಾತ್ರ ನೆನಪು. ಯಾರೋ ನನ್ನ ತೋಳು ಹಿಡಿದು ಎಳೆದ ರಭಸಕ್ಕೆ ನಾನು ಜಲ್ಲಿಯ ಮೇಲೆ ಬಿದ್ದೆ. ನನ್ನ ಜೊತೆ ಇನ್ನೊಬ್ಬರೂ ಬಿದ್ದರು. ನಾನು ನಿಂತಿದ್ದ ಜಾಗದಲ್ಲಿ ಒಂದು ಪಿಕಪ್ ನಿಂತಿತ್ತು. ಅದರ ಕನ್ನಡಿ ತಂಗುದಾಣದ ಗೋಡೆಗೆ ಬಡಿದು ಚೂರಾಗಿತ್ತು. ಜೊತೆಗೆ ಬಿದ್ದವರು ಮಾವ. ಅಂಗೈ ತರಚಿ ರಕ್ತ ಬರುತ್ತಿತ್ತು, ಬಿಳಿ ಪಂಚೆ ಮೊಣಕಾಲಿನ ಹತ್ತಿರ ಹರಿದಿತ್ತು. ಎಪ್ಪತ್ತು ದಾಟಿದ ಮನುಷ್ಯ. ಅಷ್ಟು ವೇಗ ಅವರಿಗೆ ಎಲ್ಲಿಂದ ಬಂತೋ ನನಗೆ ಈಗಲೂ ಗೊತ್ತಿಲ್ಲ.

ಪಿಕಪ್ಪಿನ ಚಾಲಕ ಇಳಿದು ಬಂದ. ಕಡಬದ ಕಡೆಯವನಂತೆ. ಮೇಲಿನ ಮನೆಯೊಂದಕ್ಕೆ ಗೊಬ್ಬರ ಇಳಿಸಿ ಬರುತ್ತಿದ್ದವನು. ಹೆದರಿಕೆಗೆ ಅವನಿಗೆ ಸಿಟ್ಟು ಬಂದಿತ್ತು. "ಎಂತ ಕಾಣ್ತದೆ ಮಾರಾಯ್ರೆ ಇಲ್ಲಿ? ಈ ಮೂಲೆಗೆ ಬಸ್ ಸ್ಟ್ಯಾಂಡ್ ಕಟ್ಟಿದ ಪುಣ್ಯಾತ್ಮ ಯಾರು? ಜನ ಕೊಲ್ಲಿಕ್ಕೆ ಕಟ್ಟಿದ್ದಾ?"

ಊರಿಡೀ ಹೇಳದೆ ನುಂಗಿಕೊಂಡ ಮಾತನ್ನು, ಎದುರಿಗಿದ್ದವರು ಯಾರೆಂದು ಗೊತ್ತಿಲ್ಲದ ಅವನು ಹೇಳಿಬಿಟ್ಟ. ಇನ್ನಾದರೂ ಯಾರಾದರೂ "ಹೌದು" ಎನ್ನಬಹುದೆಂದು ನಾನು ಆಚೆ ನೋಡಿದೆ. ಅಲ್ಲಿಂದ ಎಲ್ಲರೂ ಓಡಿ ಬಂದರು, ಬಂದವರು ಚಾಲಕನನ್ನು ಬೈದರು. "ನಮ್ಮ ಊರಿನ ವಿಷಯ ನಿನಗೆ ಎಂತಕ್ಕೆ? ಮೆಲ್ಲ ಬರ್ಲಿಕ್ಕೆ ಆಗುದಿಲ್ವಾ?" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಹಮೀದಣ್ಣ.

ನಾನು ಜಲ್ಲಿಯ ಮೇಲೆ ಕೂತಲ್ಲಿಂದಲೇ ಇಂಜಿನಿಯರಿಗೆ, "ಅವನು ಹೇಳಿದ್ದನ್ನು ಬರೆದುಕೊಳ್ಳಿ ಸರ್" ಎಂದೆ.

ಅವರು ಬೆವರು ಒರೆಸುತ್ತಾ, "ಅವರು ಸ್ಥಳೀಯರಲ್ವಲ್ಲ ಮೇಡಂ. ಸ್ಥಳೀಯರ ಅಭಿಪ್ರಾಯ ಮಾತ್ರ ಬರೀಬೇಕು" ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಅತ್ತುಬಿಟ್ಟೆ. ಎಲ್ಲರೂ ನನಗೆ ಪೆಟ್ಟಾಗಿದೆ ಎಂದುಕೊಂಡು ನೀರು ತಂದರು.

ಮಾವ ತಂಗುದಾಣದ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಹತ್ತಿರ ಕರೆದು, "ನಿನಗೆ ಎಂತ ಆಗ್ಲಿಲ್ಲ ಅಲ್ಲ ಶಶಿ?" ಎಂದು ಕೇಳಿದರು. ಇಲ್ಲವೆಂದೆ. ಆಮೇಲೆ ಎದ್ದು ಕಾರು ತರಿಸಿಕೊಂಡು ಮನೆಗೆ ಹೋದರು. ಆ ವಾರವೆಲ್ಲ ನಮ್ಮ ಮನೆಗೆ ಬರಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಗಂಡ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. "ನಿನಗೆ ಈ ಪಂಚಾಯತಿ ಎಲ್ಲ ಬೇಕಿತ್ತಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ನಾನೂ ರಾಜೀನಾಮೆ ಕೊಡುವುದೆಂದು ಯೋಚಿಸಿದ್ದೆ.

ಒಂದು ಬೆಳಿಗ್ಗೆ ಮಾವ ಬಂದರು. ಅಂಗೈಗೆ ಇನ್ನೂ ಬಟ್ಟೆ ಕಟ್ಟಿತ್ತು. ಜಗಲಿಯಲ್ಲಿ ಕೂತು ಚಾ ಕುಡಿದ ಮೇಲೆ, "ನಾನು ಎರಡು ದಿನ ಹೋಗಿ ಅಲ್ಲಿ ನಿಂತು ನೋಡಿದೆ. ಶಾಲೆ ಬಿಡುವ ಹೊತ್ತಿಗೆ. ಮಕ್ಕಳು ಮೊದಲು ತಲೆ ಹೊರಗೆ ಹಾಕಿ ಆಮೇಲೆ ದಾಟುದು. ಅಪ್ಪ ಇದ್ದಿದ್ರೆ ಅವರೇ ಅದನ್ನು ಒಡೀಲಿಕ್ಕೆ ಪಿಕ್ಕಾಸು ಹಿಡೀತಿದ್ರು" ಎಂದರು. ಹೊರಡಲು ಎದ್ದು, "ಹೆಸರಿನ ಕಲ್ಲು ಒಡೆಯದ ಹಾಗೆ ತೆಗೀಲಿಕ್ಕೆ ಹೇಳು" ಎಂದರು. ಅಷ್ಟೇ.

ಮೂರನೆಯ ಸಭೆಯಲ್ಲಿ ಮಾವ ಎದ್ದು ಒಪ್ಪಿಗೆ ಹೇಳಿದರು. ಅವರು ಕೂರುವ ಮೊದಲೇ ನಾಲ್ಕಾರು ಜನ ಒಟ್ಟಿಗೆ ಎದ್ದರು. "ನಾವು ಮೊದಲಿಂದ ಹೇಳ್ತಿದ್ದದ್ದು ಅದೇ ಅಲ್ವಾ?" "ನಾನು ಅವತ್ತೇ ಹೇಳಿದ್ದೆ." ಹಮೀದಣ್ಣ ಆ ಮೂಲೆಯ ಅಪಾಯದ ಬಗ್ಗೆ ಒಂದು ಭಾಷಣವನ್ನೇ ಮಾಡಿದರು. ಇಂಜಿನಿಯರ್ ಎಲ್ಲವನ್ನೂ ಬರೆದುಕೊಂಡರು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ.

ಕೆಲಸ ಆಯಿತು. ತಂಗುದಾಣ ಸುಳ್ಯದ ಕಡೆಗೆ ಸರಿಯಿತು, ಕಲ್ಲು ಹೊಸ ಗೋಡೆಗೆ ಬಂತು. ಈಗ ಮೂಲೆ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುವುದರಿಂದ ವಾಹನಗಳು ಇನ್ನೂ ಜೋರಾಗಿ ಬರುತ್ತವೆ. ಕೆಲವೇ ತಿಂಗಳಲ್ಲಿ ಊರವರು ನನ್ನ ಮನೆಗೆ ಬಂದರು. "ಅಕ್ಕ, ಅಲ್ಲಿಗೆ ಒಂದು ಹಂಪ್ ಬೇಕಿತ್ತು."

"ಒಂದು ಸಭೆ ಕರೀತೇನೆ. ಅಲ್ಲಿ ಬಂದು ಹೇಳ್ತೀರಾ?"

"ಸಭೆ ಎಂತಕ್ಕೆ ಅಕ್ಕ? ಅಲ್ಲಿ ಹಂಪ್ ಬೇಡ ಹೇಳುವವರೂ ಉಂಟು. ಸುಮ್ಮನೆ ನಿಷ್ಠುರ. ನೀವೇ ಹೇಳಿದ್ರೆ ಸಾಕು."

ಈಗ ನಾನು ಸದಸ್ಯೆಯಲ್ಲ. ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದೇನೆ. ಆದರೂ ಕೈಕಂಬದ ಆ ಮಧ್ಯಾಹ್ನ ನೆನಪಾದಾಗಲೆಲ್ಲ ಮೈ ಉರಿಯುತ್ತದೆ. ಸಿಟ್ಟು ಪಿಕಪ್ಪಿನವನ ಮೇಲಲ್ಲ, ಮಾವನ ಮೇಲಂತೂ ಅಲ್ಲ. ನಾನು ಹೇಳಿದ್ದು ಬೇಡ ಎಂದು ಎದುರಿಗೆ ನಿಂತು ಹೇಳಿದವರು ಅವರೊಬ್ಬರೇ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದವರೂ ಅವರೇ. ನಾನು ಹೇಳಿದ್ದು ಸರಿ ಎಂದು ಒಪ್ಪಿದ್ದವರೆಲ್ಲ ರಸ್ತೆಯ ಆಚೆ ನೆರಳಿನಲ್ಲಿದ್ದರು.

ಶಶಿಕಲಾ, ಸುಳ್ಯ ತಾಲೂಕು