ನೀರುಗಂಟಿ ಮಾವನ ಆಣೆ

ಮೊನ್ನೆ ಪಂಚಾಯ್ತಿ ಆಫೀಸಿಗೆ ಒಂದು ಸಹಿ ಹಾಕಿಸಲು ಹೋಗಿದ್ದೆ. ಹಿಂದಿನ ಶೆಡ್ಡಿನಲ್ಲಿ ಮುರಿದ ಪೈಪುಗಳ ನಡುವೆ ಎದೆಯುದ್ದದ ಕಬ್ಬಿಣದ ಸಲಾಕೆಯೊಂದು ಗೋಡೆಗೆ ಒರಗಿತ್ತು. ನೆಲದೊಳಗಿನ ವಾಲ್ವು ತಿರುಗಿಸಿ ಬೀದಿಗಳಿಗೆ ನೀರು ಬಿಡುವ ಸಲಾಕೆ. ಅದರ ಹಿಡಿಗೆ ಸುತ್ತಿದ್ದ ಸೈಕಲ್ ಟ್ಯೂಬು ಬಿರುಕು ಬಿಟ್ಟರೂ ಇನ್ನೂ ಅಂಟಿಕೊಂಡಿತ್ತು. ಅದನ್ನು ಸುತ್ತಿದವನು ನಮ್ಮೂರ ನೀರುಗಂಟಿ. ಊರ ವರಸೆಯಲ್ಲಿ ನನಗೆ ಮಾವ. ತೀರಿಕೊಂಡು ಎಷ್ಟೋ ವರ್ಷವಾಯಿತು... ಸಹಿಯ ಕೆಲಸ ಮರೆತು ಅಲ್ಲೇ ನಿಂತುಬಿಟ್ಟೆ.

ಕೆರಗೋಡಿನಿಂದ ಒಂದಿಷ್ಟು ಒಳಕ್ಕೆ ನಮ್ಮೂರು. ಕೋಳಿ ಕೂಗುವ ಹೊತ್ತಿಗೆ ಮಾವ ಆ ಸಲಾಕೆಯನ್ನು ಕಲ್ಲುಚಪ್ಪಡಿಯ ಮೇಲೆ ಕುಟ್ಟಿಕೊಂಡು ಬರುತ್ತಿದ್ದ. "ಏಳ್ರವ್ವಾ, ಗಂಗಮ್ಮ ಬಂದವ್ಳೆ!" ಎಂದು ಕೂಗುವನು. ನಮ್ಮ ಮನೆ ಮುಂದೆ ಮಾತ್ರ ಅವನ ಕೂಗು ಬೇರೆ.

"ಅಳಿಮಯ್ಯಾ, ಇನ್ನೂ ಮನ್ಗಿದ್ದೀಯೇನ್ಲಾ? ನಿನ್ ಎಂಡ್ರು ಆಗ್ಲೇ ನಾಕ್ ಬಿಂದ್ಗೆ ಒತ್ತಾಕವ್ಳೆ!"

ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ಭಜನೆ. ತಾಳ ಮಾವನದು. ಅವನು ತಾಳ ಹಿಡಿದರೆ ಹಾರ್ಮೋನಿಯಂನವನೂ ದಾರಿ ತಪ್ಪುತ್ತಿರಲಿಲ್ಲ. ಆದರೆ ಉಳಿದ ದಿನಗಳಲ್ಲಿ ಹೊತ್ತು ಮುಳುಗಿತೆಂದರೆ ಮಾವನ ಕಾಲು ತಾನಾಗಿಯೇ ಮೇನ್ ರೋಡಿನ ವೈನ್ ಶಾಪಿನ ಕಡೆ ತಿರುಗುತ್ತಿತ್ತು. ಬರಬರುತ್ತಾ ಶನಿವಾರವನ್ನೂ ಕುಡಿತ ನುಂಗಿಕೊಂಡಿತು. ಒಂದು ದಿನ ಅವನ ಹೆಂಡತಿ, ನಮ್ಮೆಲ್ಲರ ಅತ್ತೆ, ಗುಡಿಯ ಮೆಟ್ಟಿಲ ಮೇಲೆ ಕೂತು ಸೆರಗಿಗೆ ಮೂಗೊರೆಸಿಕೊಂಡು, "ನೀವೇ ಏನಾರ ಮಾಡ್ರಪ್ಪ, ನನ್ ಮಾತು ಕೇಳಾಕಿಲ್ಲ" ಎಂದಳು.

ಭಜನೆ ಮಂಡಳಿಗೆ ಆಗ ನಾನೇ ಮುಂದಾಳು. ಆಣೆ ಮಾಡಿಸೋಣ ಎಂದವನೂ ನಾನೇ. ನಮ್ಮ ಕಡೆಯ ರೂಢಿ ಅದು. ದೇವರ ಮುಂದೆ ಕರ್ಪೂರ ಹಚ್ಚಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಇನ್ನು ಮುಟ್ಟುವುದಿಲ್ಲ ಎನ್ನಬೇಕು. ಮಾವ ಹಿಂಜರಿದ.

"ಆಣೆ ಬ್ಯಾಡ ಕಣ್ಲಾ ಅಳಿಮಯ್ಯ. ದಿನಾ ಗುಡಿಗ್ ಬಾ ಅನ್ನಿ, ಬತ್ತೀನಿ. ಆಣೆ ಆಕಿ ಕಟ್ಟಾಕ್ಬ್ಯಾಡಿ."

"ದನಾನೇ ಅಗ್ಗ ಇಲ್ದೆ ಒಂದ್ಕಡೆ ನಿಲ್ಲಾಕಿಲ್ಲ, ನೀನ್ ನಿಂತೀಯಾ ಮಾವ?" ಎಂದೆ. ಎಲ್ಲರೂ ನಕ್ಕರು. ಮಾವನೂ ನಕ್ಕ. ನಕ್ಕು ಕರ್ಪೂರದ ಮೇಲೆ ಕೈಯಿಟ್ಟ.

ಆಮೇಲಿನ ನಾಲ್ಕು ತಿಂಗಳು ನಾವು ಚೆನ್ನಾಗಿಯೇ ನಡೆದುಕೊಂಡೆವು, ಅದನ್ನು ಹೇಳಬೇಕು. ದಿನಾ ಹೊತ್ತು ಮುಳುಗುವ ಮುಂಚೆ ನಮ್ಮಲ್ಲಿ ಇಬ್ಬರು ಅವನ ಮನೆಗೆ ಹೋಗಿ ಗುಡಿಗೆ ಕರೆತರುತ್ತಿದ್ದೆವು. ಅತ್ತೆ ಫ್ಲಾಸ್ಕಿನಲ್ಲಿ ಟೀ ಕಳಿಸುತ್ತಿದ್ದಳು. ಮೊದಲ ವಾರ ಮಾವನ ಕೈ ಎಷ್ಟು ನಡುಗುತ್ತಿತ್ತೆಂದರೆ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಯಾರಾದರೊಬ್ಬರು ಹಿಡಿದು ಕುಡಿಸುತ್ತಿದ್ದರು. ತಾಳ ಹೊಡೆಸುತ್ತಿದ್ದೆವು, ಹರಟುತ್ತಿದ್ದೆವು, ಕಸ ಗುಡಿಸಲು ಹಚ್ಚುತ್ತಿದ್ದೆವು. ಆ ಹಾಳು ಹೊತ್ತು ಹೇಗೋ ಕಳೆದುಹೋಗುತ್ತಿತ್ತು. ಮಾವ ಮೈ ತುಂಬಿಕೊಂಡ. ಇದೆಲ್ಲ ಆಣೆಯ ಮಹಿಮೆ ಎಂದು ನಾನು ಬಲವಾಗಿ ನಂಬಿದ್ದೆ. ಮದ್ದೂರಿಗೆ ಭಜನೆಗೆ ಹೋದಾಗ, "ನಮ್ ಮಂಡ್ಳಿ ಒಬ್ಬನ್ನ ಕುಡಿತ ಬುಡಿಸ್ತು" ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ಮಾವ ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದ.

ಮಳವಳ್ಳಿಯಲ್ಲಿ ಅವನ ಅಕ್ಕ ತೀರಿಕೊಂಡಳು. ಹಾಲುತುಪ್ಪದ ದಿನ, ಮಣ್ಣು ಮಾಡಿದ ಜಾಗಕ್ಕೆ ಎಡೆಯಿಟ್ಟು ಬಂದ ಮೇಲೆ, ನೆಂಟರ ಜೊತೆ ಕೂತು ಕುಡಿದನಂತೆ. ಸುದ್ದಿ ಅವನಿಗಿಂತ ಮುಂಚೆ ಬಸ್ಸು ಹತ್ತಿ ಬಂತು.

ಆ ಶನಿವಾರ ಮಾವ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು ಗುಡಿಯ ಮೆಟ್ಟಿಲ ಕೆಳಗೆ ಬಂದು ನಿಂತ. ಬಾಯಲ್ಲಿ ವಾಸನೆ ಇರಲಿಲ್ಲ. ಅವನನ್ನು ನೋಡಿ ಭಜನೆ ನಿಂತಿತು.

"ತಪ್ಪಾಗೋಯ್ತು ಕಣಪ್ಪ. ಒಂದಿನ ಅಷ್ಟೆಯಾ. ಒಳಿಕ್ ಬರಾಕಿಲ್ಲ, ಇಲ್ಲೇ ಕುಂತ್ಕತೀನಿ."

"ದ್ಯಾವ್ರ ಮುಂದ್ ಕೈ ಸುಟ್ಕೊಂಡು ಆಣೆ ಮಾಡ್ದೋನು, ಯಾವ್ ಮಕ ಇಟ್ಕೊಂಡ್ ಬಂದೆ ಮಾವ?" ಎಂದೆ. ಅಷ್ಟು ಜನರ ಮುಂದೆ. ಮದ್ದೂರಿನಲ್ಲಿ ಕೊಚ್ಚಿಕೊಂಡು ಬಂದವನು ನಾನು, ಈಗ ನಗೆಪಾಟಲಾಗಿದ್ದೆ. ಅವನು ತಿರುಗಿ ನಡೆದ. ಮರುದಿನದಿಂದ ಹೊತ್ತು ಮುಳುಗುವಾಗ ಅವನನ್ನು ಕರೆಯಲು ಯಾರೂ ಹೋಗಲಿಲ್ಲ.

ಕೆಲವು ಸಂಜೆ ಮಾವ ಬಸ್‌ಸ್ಟಾಪಿನ ಪಂಕ್ಚರ್ ಅಂಗಡಿ ಸಾಬರ ಬೆಂಚಿನ ಮೇಲೆ ಕೂತಿರುತ್ತಿದ್ದ. ಸಾಬರೇ ಒಂದು ದಿನ ನನ್ನನ್ನು ತಡೆದರು. "ಅಣ್ಣಾ, ಆವಪ್ಪನ್ನ ಗುಡಿ ಒಳಿಕ್ ಕರ್ಕಳಿ. ನಾನು ಟೀ ಕುಡಿಸ್ಬೋದು, ತಾಳ ಕೊಡಾಕಾಯ್ತದಾ? ನಮ್ಮಲ್ಲೂ ಇಂತೋರ್ ಅವ್ರೆ. ನಿನ್ನೆ ಬೀದೀಲ್ ಬಿದ್ದಿದ್ದೋನು ಇವತ್ತು ತೊಳ್ಕೊಂಡ್ ಬಂದ್ರೆ, ನಮಾಜಿನ ಸಾಲಲ್ಲಿ ಒಸಿ ಸರ್ದು ಜಾಗ ಬುಡ್ತೀವಿ." ಹೂಂ ಎಂದೆ. ಅಷ್ಟೆ.

ಅತ್ತೆಯೂ ಬಂದಳು. ಆಣೆ ಮುರಿದವರಿಗೆ ದಾರಿಯೇ ಇಲ್ಲವೆಂದಲ್ಲ. ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟು, ಒಂದು ಕಾಯಿ ಒಡೆದು, ಹಿರಿಯರು ಬಾಯ್ತುಂಬ ಬಿಟ್ಟೆವು ಎಂದರೆ ಆಣೆ ಇಳಿಯಿತು. ಅರ್ಧ ಗಂಟೆಯ ಕೆಲಸ. "ಆಣೆ ಇಳಿಸ್ಬುಡಪ್ಪ, ಗುಡಿ ಕಡೆ ತಲೆ ಎತ್ತಾಕೂ ಎದ್ರುಕತಾರೆ. ಎಂಗಿದ್ರೂ ಕೆಟ್ಟೆ ಅಂತ ಕುಡೀತಾರೆ" ಎಂದಳು. ನಾನು ಧನುರ್ಮಾಸ ಕಳೆಯಲಿ ಎಂದೆ. ಅದು ಮುಗಿಯುತ್ತಾ ಬಂದಾಗ ಸಂಕ್ರಾಂತಿಯೂ ಕಳೆಯಲಿ ಎಂದೆ. ಒಳಗಿದ್ದದ್ದು ಬೇರೆ... ನನ್ನ ಮಾನ ತೆಗೆದವನು ಸ್ವಲ್ಪ ದಿನ ಒದ್ದಾಡಲಿ ಎಂದಿತ್ತು. ಇಷ್ಟು ವರ್ಷ ಇದನ್ನು ನಾನು ಯಾರಿಗೂ ಹೇಳಿದವನಲ್ಲ.

ಹಬ್ಬ ಕಳೆದು ವಾರವಾಗಿರಲಿಲ್ಲ, ಮಾವನಿಗೆ ಕಾಮಾಲೆ ಏರಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ಕಣ್ಣು ಅರಿಶಿನದ ಬಣ್ಣವಾಗಿತ್ತು. ನನ್ನ ಕೈ ಹಿಡಿದುಕೊಂಡು ಕೇಳಿದ:

"ಅಳಿಮಯ್ಯ... ಅನ್ಮಂತರಾಯಂಗೆ ನನ್ ಮ್ಯಾಲ್ ಇನ್ನೂ ಸಿಟ್ಟಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಕಾಯಿಯೂ ಬೇಕಿರಲಿಲ್ಲ, ಕಾಣಿಕೆಯೂ ಬೇಕಿರಲಿಲ್ಲ. "ಮದ್ಲು ವಾಸಿ ಮಾಡ್ಕೊಂಡ್ ಬಾ, ಆಮ್ಯಾಕ್ ನೋಡಾಣ" ಎಂದೆ. ಅವನು ಬರಲಿಲ್ಲ.

ಈಗ ನಮ್ಮ ಗುಡಿಯಲ್ಲಿ ಕುಡಿಯುವವರಿಂದ ಆಣೆ ಮಾಡಿಸುವುದಿಲ್ಲ. ದಿನಾ ಹೊತ್ತು ಮುಳುಗುವಾಗ ಬಾಗಿಲು ತೆಗೆದು ಚಾಪೆ ಹಾಸುತ್ತೇವೆ. ನಿನ್ನೆ ಜಾರಿದವನೂ ಬರುತ್ತಾನೆ, ಯಾರೂ ಏನೂ ಕೇಳುವುದಿಲ್ಲ. ಬರದೆ ಹೋದವನ ಮನೆಗೆ ಇಬ್ಬರು ಹೋಗುತ್ತಾರೆ. ಮೂವರು ಬಿಟ್ಟಿದ್ದಾರೆ, ಒಬ್ಬ ಬಿಟ್ಟು ಹಿಡಿದು ಮಾಡುತ್ತಿದ್ದಾನೆ. ಎಲ್ಲರೂ ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಮುಳ್ಳು.

ಪಂಚಾಯ್ತಿಯಿಂದ ನೆಟ್ಟಗೆ ಅತ್ತೆಯ ಮನೆಗೆ ನಡೆದೆ. ಮುದುಕಿ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಧನುರ್ಮಾಸವೂ ಸುಳ್ಳು, ಸಂಕ್ರಾಂತಿಯೂ ಸುಳ್ಳು, ಬೇಕೆಂದೇ ತಡ ಮಾಡಿದೆ ಎಂದೆ. ಅತ್ತೆ ತಲೆಯೆತ್ತದೆ ಇನ್ನೂ ನಾಲ್ಕು ಕಾಯಿ ಸುಲಿದಳು.

"ನಂಗ್ಯಾಕಪ್ಪ ಯೋಳೀಯೆ," ಎಂದಳು. "ಅವ್ರಿಗ್ ಯೋಳ್ಬೇಕಿತ್ತು."

ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಬಾಗ್ಲಾಗ್ ಯಾಕ್ ನಿಂತಿದ್ದೀಯೆ? ಒಳಿಕ್ ಬಾ."

ಹೊಸಿಲು ದಾಟಲು ನನಗೆ ಕಾಲೇ ಬರಲಿಲ್ಲ.