ತಳಿಗೆ ದಪ್ಪಕ್ಷರ, ನಾಟಿಗೆ ಸಣ್ಣಕ್ಷರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಂಡಿಗನಹಳ್ಳಿಯ ಹಾಲಿನ ಡೇರಿಯ ಹಿಂದೆ ಹೊನ್ನಕ್ಕ ಕುಕ್ಕರಗಾಲಲ್ಲಿ ಕುಳಿತು ಬ್ರಷ್ಷು ತೊಳೆಯುತ್ತಿದ್ದಾರೆ. ತೆಂಗಿನ ಚಿಪ್ಪಿನಲ್ಲಿ ಟರ್ಪೆಂಟೈನು, ಮೊಣಕಾಲ ಮೇಲೆ ಹಳೆ ಸೀರೆಯ ಚೂರು. ಬ್ರಷ್ಷಿನ ಕೂದಲನ್ನು ಬೆರಳಲ್ಲಿ ಹಿಂಡಿ, ಒರೆಸಿ, ಮತ್ತೆ ಅದ್ದುತ್ತಾರೆ. ನಿನ್ನೆಯ ಕೆಂಪು ಪೂರಾ ಬಿಡುವವರೆಗೂ ಇದೇ ಕೆಲಸ.

ಇವತ್ತು ಇಲ್ಲಿ ದನಗಳ ಪ್ರದರ್ಶನ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆ ಎಲ್ಲೇ ಇಂಥದ್ದು ನಡೆಯಲಿ, ಹಸುಗಳ ತಲೆಯ ಮೇಲೆ ತೂಗುವ ತಗಡಿನ ಬೋರ್ಡು ಬರೆಯುವುದು ಐವತ್ತೇಳರ ಹೊನ್ನಕ್ಕನೇ. ಅಂಗಡಿ, ಮದುವೆ, ಎಲೆಕ್ಷನ್ನು, ಎಲ್ಲವನ್ನೂ ಫ್ಲೆಕ್ಸು ನುಂಗಿದೆ. ಇದೊಂದನ್ನು ಅರಗಿಸಿಕೊಳ್ಳಲಾಗಿಲ್ಲ.

"ಫ್ಲೆಕ್ಸು ಗಾಳಿಗೆ ಪಟಪಟ ಅಂತದೆ. ದನ ಬೆದರ್ಕಂಡು ಅಗ್ಗ ಕಿತ್ಕತವೆ. ದನಗೋಳೇ ನನ್ ಅನ್ನ ಉಳ್ಸವೆ," ಎಂದು ನಗುತ್ತಾರೆ.

ಕೆಲಸ ಕಲಿಸಿದ್ದು ಗಂಡ ನಟರಾಜ. ಲಾರಿಗಳ ಹಿಂದೆ ಬರೆಯುತ್ತಿದ್ದ ಅವರ ಬಲಗೈ ಲಕ್ವಕ್ಕೆ ಬಿದ್ದ ಮೇಲೆ, ಜಗುಲಿಯಲ್ಲಿ ಕುಳಿತು ಬಾಯಲ್ಲೇ ಹೇಳಿಕೊಟ್ಟರು. ಹೊನ್ನಕ್ಕ ಓದಿದ್ದು ನಾಲ್ಕನೇ ಕ್ಲಾಸು. "ನಾ ಬರ್ದಿದ್ ಜರ್ಸಿ ನೋಡಿ, ಇದೇನಮ್ಮಿ, 'ಜ' ಬಸ್ರಿ ಆಗ್ಬುಟ್ಟದಲ್ಲ ಅನ್ನೋರು."

ಈ ಬೋರ್ಡಿಗೊಂದು ಕಟ್ಟಳೆಯಿದೆ. ತಳಿಯ ಹೆಸರು ಮೇಲೆ, ದಪ್ಪಕ್ಷರದಲ್ಲಿ: ಹಳ್ಳಿಕಾರ್, ಜರ್ಸಿ, ಎಚ್.ಎಫ್. ಸಾಕಿದವರ ಹೆಸರು ಕೆಳಗೆ. ತಳಿಯೆಂದು ಗುರುತಿಲ್ಲದ ಊರ ಹಸುವಾದರೆ ಮೂಲೆಯಲ್ಲಿ 'ನಾಟಿ' ಎಂದು ಸಣ್ಣದಾಗಿ. ಮೊದಲ ವರ್ಷ ಇದು ತಿಳಿಯದೆ ಹೊನ್ನಕ್ಕ ನಾಟಿಯನ್ನೂ ಅಷ್ಟೇ ದಪ್ಪಕ್ಕೆ ಬರೆದಿದ್ದರು. ಹಳ್ಳಿಕಾರ್ ಕಟ್ಟಿದವರು ಮುನಿಸಿಕೊಂಡರು. ಒರೆಸಿ ಬರೆಯಬೇಕಾಯಿತು.

"ಆ ನಾಟಿ ಅಸ ಸಾಕಿದ್ ಲಕ್ಕಮ್ಮ ಅನ್ನೋರು ಅಲ್ಲೇ ನಿಂತಿದ್ರು. ನಾ ಒರಸ್ತಿದ್ರೆ ನನ್ ಮಕನೇ ನೋಡ್ತಾವ್ರೆ."

ಆಮೇಲೆ ಹೊನ್ನಕ್ಕ ಆ ತಪ್ಪು ಮಾಡಿಲ್ಲ. ಆದರೆ ಅವರ ಕೊಟ್ಟಿಗೆಯಲ್ಲಿರುವುದೂ ನಾಟಿಯೇ. ಹೆಸರು ಕೆಂಪಿ. ಗಿಡ್ಡ ಕಾಲು, ಮೋಟು ಕೊಂಬು, ಹಣೆಯ ಮೇಲೊಂದು ಬಿಳಿ ಬೊಟ್ಟು. ಹೊನ್ನಕ್ಕನ ತವರು ಹೊಂಗೇಕೊಪ್ಪಲು ಗೊರೂರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿತು. ಊರು ಬಿಡುವ ದಿನ ಅವ್ವ ಪಾತ್ರೆಪಡಗ ಗಾಡಿಗೆ ಹೇರಿ, ಹಸುವಿನ ಹಗ್ಗವನ್ನು ಮಗಳ ಕೈಗೆ ಕೊಟ್ಟಿದ್ದರು. ಆ ಹಸುವಿನ ಪೀಳಿಗೆಯೇ ಕೆಂಪಿ. ಅದಕ್ಕೂ ಹಣೆಯಲ್ಲಿ ಇದೇ ಬೊಟ್ಟಿತ್ತು. ಬೇಸಿಗೆಯಲ್ಲಿ ನೀರಿಳಿದಾಗ ಹೊನ್ನಕ್ಕ ಬಸ್ಸು ಹತ್ತಿ ಗೊರೂರಿಗೆ ಹೋಗಿ, ದಡದಲ್ಲಿ ನಿಂತು ಬರುತ್ತಾರೆ. ಊರ ಬಾವಿಕಟ್ಟೆ ಕಂಡ ವರ್ಷ ಉಂಟು, ಕಾಣದ ವರ್ಷವೇ ಹೆಚ್ಚು.

"ಜರ್ಸಿ ಅನ್ನೋದು ಒಂದ್ ಜಾಗದ ಎಸ್ರಂತೆ. ಸುತ್ತಾ ನೀರಂತೆ. ಅಲ್ಲಿಂದ ಬಂದುದ್ಕೆ ಅಸಿಗೂ ಅದೇ ಎಸ್ರಂತೆ, ದನೀನ ಡಾಕ್ಟ್ರು ಯೋಳುದ್ರು," ಎನ್ನುತ್ತ ಬ್ರಷ್ಷಿನ ತುದಿ ನೋಡುತ್ತಾರೆ. "ನಮ್ಮೂರೂ ನೀರಲ್ಲೇ ಅದೆ."

ಬಿಸಿಲೇರುವ ಹೊತ್ತಿಗೆ ಬೋರ್ಡುಗಳೆಲ್ಲ ಮೇಲೇರಿವೆ. ಒಂದು ತಗಡು ಮಾತ್ರ ಖಾಲಿ. ಸಾಲಿನ ಕೊನೆಯ ಗೂಟದಲ್ಲಿ ಈ ವರ್ಷ ಮೊದಲ ಸಲ ಕೆಂಪಿ ನಿಂತಿದೆ. ಡೇರಿಯ ಕಾರ್ಯದರ್ಶಿ ಅಶೋಕ ಅದನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಏನಕ್ಕಾ, ಅಸ ತಂದಿದೀಯೋ ಮ್ಯಾಕೆ ತಂದಿದೀಯೋ?"

"ಮ್ಯಾಕೆನೇ ಕಣಪ್ಪ. ನಿಮ್ ಎಚ್ಚೆಫ್ಫು ಜ್ವರ ಅಂತ ಮನೀಕಂಡಾಗ ನಮ್ ಮ್ಯಾಕೆ ಮೇಯ್ತಿರ್ತದೆ."

ಸುತ್ತಲಿದ್ದವರು ನಗುತ್ತಾರೆ, ಅಶೋಕನೂ ನಗುತ್ತಾರೆ. ಹೊನ್ನಕ್ಕ ಮಾತ್ರ ನಗುತ್ತಿಲ್ಲ. ತಗಡನ್ನು ತೊಡೆಯ ಮೇಲಿಟ್ಟು ಬ್ರಷ್ಷನ್ನು ಬಣ್ಣಕ್ಕೆ ಅದ್ದಿ ಹಿಡಿದಿದ್ದಾರೆ.

"ಅಶೋಕಪ್ಪ, ಇದ್ರ ಮ್ಯಾಲೆ ಹೊಂಗೇಕೊಪ್ಪಲು ಅಂತ ದಪ್ಪಕ್ಷರದಲ್ಲಿ ಬರ್ಕತೀನಿ. ನನ್ ಎಸ್ರು ಕೆಳಗೂ ಬ್ಯಾಡ."

ನಗು ನಿಲ್ಲುತ್ತದೆ. ಅಶೋಕ ಹಳ್ಳಿಕಾರ್ ಸಾಲಿನ ಕಡೆ ತಿರುಗಿ ನೋಡುತ್ತಾರೆ. ಅಲ್ಲಿ ಎತ್ತಿನ ಕೊಂಬಿಗೆ ಎಣ್ಣೆ ಸವರುತ್ತಿದ್ದವರೂ ಇತ್ತ ನೋಡುತ್ತಿದ್ದಾರೆ. ಬ್ರಷ್ಷಿನ ತುದಿಯಲ್ಲಿ ಬಣ್ಣ ಒಣಗುತ್ತಿದೆ.

"ಇವತ್ತೊಂದಿನ ಇರ್ಲಿ ಕಣಪ್ಪ. ಸಂಜಿಕೆ ನಾನೇ ಒರಸ್ಬುಡ್ತೀನಿ."